ಮಳೆಗಾಲದ ಜ್ವರ: ನಿಮ್ಮ ವಿಳಾಸ ಯಾರಿಗೆ ಬೇಕು?

ಮಳೆಗಾಲದಲ್ಲಿ ಜ್ವರವೆಂದು ಮುಂಬಯಿಯ ಆಸ್ಪತ್ರೆಗೆ ಹೋದರೆ ಪೂರ್ತಿ ವಿಳಾಸ, ಕೆಲಸದ ಜಾಗ, ಈಚೆಗೆ ನಿಂತ ನೀರಿನಲ್ಲಿ ನಡೆದಿದ್ದೀರಾ ಎಂಬುದನ್ನೆಲ್ಲ ಕೇಳಬಹುದು. ಔಷಧಿ ಕೊಡುವುದು ಬಿಟ್ಟು ಇದೇಕೆ ಎನಿಸುವುದು ಸಹಜ. ಈ ಉತ್ತರಗಳು ಬೇಕಾಗಿರುವುದು ಎಪಿಡೆಮಿಯಾಲಜಿಸ್ಟ್, ಅಂದರೆ ಸಾಂಕ್ರಾಮಿಕ ರೋಗಶಾಸ್ತ್ರ ತಜ್ಞರಿಗೆ. ಯಾರಿಗೆ, ಎಲ್ಲಿ, ಯಾವಾಗ ರೋಗ ಬಂತೆಂದು ಕೂಡಿಸಿ ನೋಡಿ, ಇನ್ನಷ್ಟು ಜನರಿಗೆ ಹರಡದಂತೆ ಏನು ಮಾಡಬೇಕೆಂದು ಹೇಳುವುದು ಅವರ ಕೆಲಸ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ಹೊತ್ತಿಗೆ ಕೊಲಾಬಾದಲ್ಲಿ 100 ಮಿ.ಮೀ. ಕೂಡ ಆಗಿರಲಿಲ್ಲ. ಉಪನಗರಗಳ ಜನ ಗಂಟೆಗಟ್ಟಲೆ ನೀರಿನಲ್ಲಿ ನಡೆದು ಮನೆ ಸೇರಿದರು. ನೀರು ಇಳಿದ ಮೇಲೆ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಏರಿತು. ಇಲಿ, ನಾಯಿ, ದನಗಳ ಮೂತ್ರ ಸೇರಿದ ನೀರಿನಿಂದ ಈ ರೋಗಾಣು ಚರ್ಮದ ಗಾಯಗಳ ಮೂಲಕ ದೇಹ ಸೇರುತ್ತದೆ. ಜ್ವರ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ ತಿಂಗಳ ಬಳಿಕ ಕಾಣಿಸಿಕೊಳ್ಳುತ್ತದೆ.

ಸಿದ್ಧತೆಗೆ ಅವಕಾಶವಿರುವುದು ಈ ನಡುವಿನ ದಿನಗಳಲ್ಲೇ. ಭಾರಿ ಮಳೆಯಾದಾಗ ಮುಂಬಯಿ ಮಹಾನಗರ ಪಾಲಿಕೆಯು, ನೀರಿನಲ್ಲಿ ನಡೆದವರು 72 ಗಂಟೆಗಳೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಮಾತ್ರೆ ಪಡೆಯಬೇಕೆಂದು ಪ್ರಕಟಣೆ ಹೊರಡಿಸುತ್ತದೆ. ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಬೇರೆ ಔಷಧಿ ಇದೆ. ಅಂಗಡಿಯಿಂದ ನೀವೇ ತಂದು ಕೊಡಬೇಡಿ.

ಈ ವೃತ್ತಿಗೆ ಬರುವ ಹಲವರು ಎಂಬಿಬಿಎಸ್ ಬಳಿಕ ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಅಥವಾ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿರುತ್ತಾರೆ. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯಲ್ಲೂ ಇಂಥ ತರಬೇತಿ ಇದೆ. ಆದರೆ ಎಷ್ಟು ಓದಿದ್ದರೂ ಅವರ ಕೈಗೆ ಬರುವ ಮಾಹಿತಿ ಸರಿ ಇರಬೇಕಲ್ಲ! ಬರೀ ‘ಕುರ್ಲಾ’ ಎಂದರೆ ಸಾಲದು, ಚಾಳಿನ ಹೆಸರು ಬೇಕು. ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗರು ಆಧಾರ್‌ನಲ್ಲಿರುವ ಉಡುಪಿಯ ವಿಳಾಸ ಬರೆಸಿದರೆ ರೋಗ ಹುಟ್ಟಿದ ಗಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಈಗ ಮಲಗುವ ಜಾಗ, ಕೆಲಸದ ಜಾಗ ಎರಡನ್ನೂ ಹೇಳಿ.

ಮಾತ್ರೆ ನುಂಗಿದವರಿಗೂ ಜ್ವರ ಬರಬಹುದು. ತಲೆನೋವು, ಮೀನಖಂಡದ ನೋವು, ಕೆಂಪು ಕಣ್ಣು ಜೊತೆಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ, ನೀರಿನಲ್ಲಿ ನಡೆದದ್ದನ್ನು ಅವರು ಕೇಳದಿದ್ದರೂ ಹೇಳಿ. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.