ಕೇಶರಂಜನ ಮತ್ತು ಕೇಶರಕ್ಷಣೆ: ನಂಗಲಿಯ ದಾರಿಯಿಂದ ಒಂದು ಚಾರಿತ್ರಿಕ ವಿವೇಚನೆ

ಮುಳಬಾಗಿಲು ತಾಲ್ಲೂಕಿನ ನಂಗಲಿಯು ಕನ್ನಡ ನಾಡಿನ ಚರಿತ್ರೆಯಲ್ಲಿ ಗಡಿಯ ಹೆಸರಾಗಿ ಪ್ರಸಿದ್ಧವಾದುದು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆಯನ್ನು ನಂಗಲಿಯ ಘಟ್ಟದಿಂದ ಗುರುತಿಸುತ್ತವೆ. ತಲಕಾಡು, ಕೊಂಗು, ಗಂಗವಾಡಿ, ನೊಳಂಬವಾಡಿಗಳೊಡನೆ ನಂಗಲಿಯನ್ನೂ ಗೆದ್ದವನೆಂಬ ಹೆಗ್ಗಳಿಕೆ ಅವನ ಬಿರುದುಗಳ ಸಾಲಿನಲ್ಲಿ ಸೇರಿದೆ. ಪಕ್ಕದ ಮುಳಬಾಗಿಲಿನ ಹೆಸರು ‘ಮೂಡಣ ಬಾಗಿಲು’ ಎಂಬುದರಿಂದ ಬಂದುದೆಂದು ವಿದ್ವಾಂಸರ ಮತ. ಈ ಬಾಗಿಲನ್ನು ದಾಟಿ, ನಂಗಲಿಯನ್ನು ಹಾದು, ಪಲಮನೇರು ಚಿತ್ತೂರುಗಳ ಮೇಲೆ ತಿರುಪತಿಗೆ ಹೋಗುವುದು ಮೈಸೂರು ಸೀಮೆಯ ಯಾತ್ರಿಕರಿಗೆ ಹಿಂದಿನಿಂದಲೂ ಪರಿಚಿತವಾದ ಮಾರ್ಗ. ಹೋಗುವಾಗ ತಲೆತುಂಬ ಕೂದಲಿದ್ದವರು ಬರುವಾಗ ಬೋಳುತಲೆಯವರಾಗಿ ಇದೇ ದಾರಿಯಲ್ಲಿ ಮರಳುತ್ತಾರೆ. ಮುಡಿ ಕೊಡುವುದು ಹರಕೆ. ಕೊಟ್ಟ ಮೇಲೆ ಅದರ ಗತಿಯೇನಾಯಿತೆಂದು ಭಕ್ತನು ವಿಚಾರಿಸುವುದಿಲ್ಲ.

ಆದರೆ ಚರಿತ್ರಕಾರನು ವಿಚಾರಿಸಬೇಕಾಗುತ್ತದೆ. ತಿರುಮಲೆಯ ದೇವಸ್ಥಾನವು ಸಂಗ್ರಹವಾದ ಕೂದಲನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹರಾಜು ಹಾಕುತ್ತದೆ. ಅದು ಪರದೇಶಗಳ ಚೌರಿ ಮತ್ತು ಕೃತಕ ಮುಡಿಗಳ ಉದ್ಯಮಕ್ಕೆ ಸಲ್ಲುತ್ತದೆ. ಆ ಪೇಟೆಯಲ್ಲಿ ಅದಕ್ಕೆ ಹೆಚ್ಚಿನ ಬೆಲೆ ದೊರೆಯಲು ಮುಖ್ಯ ಕಾರಣಗಳಲ್ಲೊಂದು, ಅದು ಬಹುಮಟ್ಟಿಗೆ ಬಣ್ಣ ತೆಗೆಸದ, ರಾಸಾಯನಿಕ ಸೋಂಕದ ಕೂದಲು ಎಂಬುದು. ಅದೇ ಸೀಮೆಯ ಯುವಕ ಯುವತಿಯರು ಇಂದು ತಮ್ಮ ಕಪ್ಪು ಕೂದಲಿನ ಬಣ್ಣ ತೆಗೆಸಿ, ಬೇರೆ ಬಣ್ಣ ಹಾಕಿಸಿ, ಒರಟಾಗಿ ಮುರಿಯತೊಡಗಿದ ಕೂದಲನ್ನು ‘ಸರಿಪಡಿಸುವ’ ಲೇಪಗಳನ್ನು ಅರಸುತ್ತಿದ್ದಾರೆ. ಕೆಟ್ಟ ಕೂದಲನ್ನು ಸರಿಪಡಿಸುವುದೆಂದರೆ ಏನು? ಅದು ಸಾಧ್ಯವೆ? ಈ ಪ್ರಶ್ನೆಯನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೂದಲಿಗೆ ಬಣ್ಣ ಹಾಕುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣವನ್ನು ಆರಂಭಿಸುವುದೇ ನರೆಗೂದಲನ್ನು ಕಪ್ಪಾಗಿಸುವ ವಿಧಾನದಿಂದ. ಕಬ್ಬಿಣದ ಪಾತ್ರೆಯಲ್ಲಿ ಹುಳಿದ್ರವದೊಡನೆ ಬೇಯಿಸಿದ ಹಾರಕದ ಕಾಳನ್ನು ಕಬ್ಬಿಣದ ಪುಡಿಯೊಂದಿಗೆ ಅರೆದು ತಲೆಗೆ ಲೇಪಿಸಿ, ಹಸಿ ಎಲೆಗಳಿಂದ ಮುಚ್ಚಿ ಎರಡು ಪ್ರಹರ ಬಿಡಬೇಕು. ಅನಂತರ ನೆಲ್ಲಿಕಾಯಿಯ ಲೇಪವನ್ನು ಹಚ್ಚಿ ಮತ್ತೆ ಎರಡು ಪ್ರಹರ ಮುಚ್ಚಿಡಬೇಕು. ಪ್ರಹರವೆಂದರೆ ಮೂರು ಗಂಟೆ. ಅಂದರೆ ಒಟ್ಟು 12 ಗಂಟೆಗಳ ಕೆಲಸ. ಕಬ್ಬಿಣವು ಹುಳಿಯಲ್ಲಿ ಕರಗಿ ನೆಲ್ಲಿಯ ಒಗರಿನೊಡನೆ ಕೂಡಿದಾಗ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಬರೆವಣಿಗೆಗೆ ಬಳಸುತ್ತಿದ್ದ ಕಬ್ಬಿಣದ ಮಸಿಯ ರಸಾಯನವೂ ಇದೇ.

ಇಲ್ಲಿ ನಾವು ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದು, ಈ ವಿಧಾನವು ಕೂದಲಿನ ಮೇಲೆ ಬಣ್ಣವನ್ನು ಕೂಡಿಸುತ್ತದೆಯೇ ಹೊರತು ಅದರೊಳಗಿನ ಸಹಜವರ್ಣವನ್ನು ಕಳೆಯುವುದಿಲ್ಲ. ಗೋರಂಟಿಯ ರೀತಿಯೂ ಹೀಗೆಯೇ: ಅದರ ಕೆಂಪು ವರ್ಣದ್ರವ್ಯ ಕೂದಲಿನ ಕೆರಾಟಿನ್ ಎಂಬ ಸಸಾರಜನಕ ವಸ್ತುವಿಗೆ ಅಂಟಿಕೊಂಡು ನಿಲ್ಲುತ್ತದೆ. ಎರಡನೆಯದು, ವರಾಹಮಿಹಿರನ ವಿಧಿ ಬಣ್ಣ ಹಿಡಿದೊಡನೆ ಮುಗಿಯುವುದಿಲ್ಲ. ತಲೆಯಿಂದ ಕಬ್ಬಿಣ ಮತ್ತು ಹುಳಿಯ ವಾಸನೆಯನ್ನು ಹೋಗಲಾಡಿಸುವ ಸುಗಂಧಸ್ನಾನ, ತೈಲಗಳ ವಿವರಣೆ ಅದಕ್ಕೆ ಸೇರಿಕೊಂಡೇ ಬರುತ್ತದೆ. ರಂಜನ ಮತ್ತು ರಕ್ಷಣೆ ಅಲ್ಲಿ ಒಂದೇ ಕರ್ಮದ ಎರಡು ಅಂಗಗಳು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (12ನೆಯ ಶತಮಾನ) ಸ್ನಾನವನ್ನು ಅರಸನ ಭೋಗಗಳಲ್ಲಿ ಒಂದೆಂದು ಎಣಿಸಿ ಅಭ್ಯಂಗಕ್ಕೆ ಅದರಲ್ಲಿ ಸ್ಥಾನ ಕೊಟ್ಟಿದೆ. ಅರಮನೆಯ ಈ ಭೋಗ ಸಾಮಾನ್ಯರ ಮನೆಯಲ್ಲಿ ವಾರದ ಎಣ್ಣೆನೀರಾಗಿ ಉಳಿಯಿತು: ಮೊದಲು ಎಣ್ಣೆ, ಆಮೇಲೆ ಸೀಗೆ ಅಥವಾ ಅಂಟುವಾಳ. ಈ ಕ್ರಮದ ಅರ್ಥವೇನೆಂಬುದನ್ನು ಮುಂದೆ ನೋಡೋಣ.

19ನೆಯ ಶತಮಾನದಲ್ಲಿ ಯುರೋಪಿನ ರಸಾಯನಶಾಸ್ತ್ರವು ಈ ಚರಿತ್ರೆಯ ದಿಕ್ಕನ್ನೇ ಬದಲಿಸಿತು. 1818ರಲ್ಲಿ ಫ್ರಾನ್ಸಿನ ತೆನಾರನು ಹೈಡ್ರೊಜನ್ ಪೆರಾಕ್ಸೈಡನ್ನು ಕಂಡುಹಿಡಿದನು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಲಂಡನ್ನಿನ ರಸಾಯನಜ್ಞನೊಬ್ಬನೂ ಪ್ಯಾರಿಸಿನ ಕೇಶಾಲಂಕಾರಕನೊಬ್ಬನೂ ಕೂಡಿ, ಅದರಿಂದ ಕೂದಲಿನ ಬಣ್ಣ ತೆಗೆಯುವುದನ್ನು ಜನರಿಗೆ ತೋರಿಸಿದರು. 1863ರಲ್ಲಿ ಹಾಫ್‌ಮನ್ ವಿವರಿಸಿದ ಪ್ಯಾರಾಫಿನೈಲಿನ್‌ಡೈಅಮೀನ್ ಮುಂದೆ ಕೃತಕ ಕೇಶವರ್ಣಗಳ ಮೂಲವಸ್ತುವಾಯಿತು. 1907ರಲ್ಲಿ ಯೂಜೆನ್ ಶ್ಯುಯೆಲರ್ ಎಂಬ ಫ್ರೆಂಚ್ ರಸಾಯನಜ್ಞನು ಇಂತಹ ವರ್ಣವನ್ನು ಪ್ಯಾರಿಸಿನ ಕ್ಷೌರಶಾಲೆಗಳಿಗೆ ಮಾರತೊಡಗಿದನು. 1909ರಲ್ಲಿ ಅವನು ಸ್ಥಾಪಿಸಿದ ಸಂಸ್ಥೆಯೇ ಮುಂದೆ ಲೋರಿಯಲ್ ಎಂದು ಜಗತ್ಪ್ರಸಿದ್ಧವಾಯಿತು. ಹೀಗೆ ಬಣ್ಣವನ್ನು ಕೂಡಿಸುವ ಕಲೆಯ ಜೊತೆಗೆ ಬಣ್ಣವನ್ನು ಕಳೆಯುವ ಕಲೆಯೂ ಹುಟ್ಟಿತು. ಆದರೆ ಹಳೆಯ ವಿಧಿಯಲ್ಲಿ ಜೊತೆಗಿದ್ದ ಆರೈಕೆಯ ಅಂಗ ಹಿಂದೆ ಬಿದ್ದಿತು.

ಕೂದಲಿನ ರಚನೆಯನ್ನು ತಿಳಿಯದೆ ಈ ಬದಲಾವಣೆಯ ಪರಿಣಾಮವನ್ನು ಅರಿಯುವುದು ಕಷ್ಟ. ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಅದರಲ್ಲಿ ರಕ್ತವಿಲ್ಲ, ನರವಿಲ್ಲ. ಹೊರಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕುಳಿತ ತೆಳುವಾದ ಹುರುಪೆಗಳಿವೆ. ಅವುಗಳ ಮೇಲೆ ನೀರನ್ನು ತಡೆಯುವ ಅತಿ ತೆಳುವಾದ ಜಿಡ್ಡಿನ ಪದರವಿದೆ. ಒಳಗೆ ಕೆರಾಟಿನ್ ಎಳೆಗಳಿದ್ದು, ಅವುಗಳ ನಡುವೆ ಕಪ್ಪು ಬಣ್ಣದ ಮೆಲನಿನ್ ಕಣಗಳು ಹರಡಿವೆ. ಈ ಎಳೆಗಳನ್ನು ಬಿಗಿಯಾಗಿ ಹಿಡಿದಿರುವುದು ಗಂಧಕದ ಜೋಡಿಬಂಧಗಳು. ಪೆರಾಕ್ಸೈಡ್ ಕ್ಷಾರದ ನೆರವಿನಿಂದ ಒಳಹೊಕ್ಕು ಮೆಲನಿನ್ನನ್ನು ಒಡೆಯುತ್ತದೆ. ಆದರೆ ಮೆಲನಿನ್ನನ್ನು ಮಾತ್ರವೇ ಆರಿಸಿ ಒಡೆಯುವ ವಿವೇಕ ಅದಕ್ಕಿಲ್ಲ. ಜಿಡ್ಡಿನ ಪದರ ಕಳಚುತ್ತದೆ, ಹುರುಪೆಗಳು ಏಳುತ್ತವೆ, ಗಂಧಕದ ಬಂಧಗಳು ಮುರಿದು ಆಮ್ಲರೂಪಕ್ಕೆ ತಿರುಗುತ್ತವೆ. ನಮ್ಮಂತಹ ಕಡುಗಪ್ಪು ಕೂದಲನ್ನು ಹೊಂಬಣ್ಣಕ್ಕೆ ತರಬೇಕಾದರೆ ಈ ಪ್ರಯೋಗ ಹೆಚ್ಚು ತೀವ್ರವಾಗಿರಬೇಕು; ಆದುದರಿಂದ ನಷ್ಟವೂ ಹೆಚ್ಚು.

ಈ ಸತ್ಯವು ಕತ್ತರಿಸಿ ಮಾರಿದ ಕೂದಲಿನ ವ್ಯಾಪಾರದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 1965ರಲ್ಲಿ ಅಮೆರಿಕ ಸರ್ಕಾರವು ಚೀನಾ ಮೂಲದ ಕೂದಲಿನ ಆಮದನ್ನು ನಿಷೇಧಿಸಿದ ಬಳಿಕ ಭಾರತದ ಕೂದಲಿಗೆ ಬೇಡಿಕೆ ಬೆಳೆಯಿತು. ಮುಡಿಯ ಕೂದಲಿನಲ್ಲಿ ಎಲ್ಲ ಎಳೆಗಳ ಹುರುಪೆಗಳೂ ಬುಡದಿಂದ ತುದಿಗೆ ಒಂದೇ ದಿಕ್ಕಿಗೆ ಇರುವುದರಿಂದ ಅದು ಸಿಕ್ಕುಗಟ್ಟುವುದಿಲ್ಲ. ಬಾಚಣಿಗೆಯಿಂದ ಉದುರಿದ ಕೂದಲು ಹಾಗಲ್ಲ. ಅದನ್ನು ಪಾತ್ರೆಗೋ ಪಿನ್ನಿಗೋ ಬದಲಾಗಿ ಕೊಳ್ಳುವವರು ನಮ್ಮ ಹಳ್ಳಿಗಳಲ್ಲಿ ಓಡಾಡುವುದುಂಟು; ಕೊಪ್ಪಳದ ಬಳಿಯ ಭಾಗ್ಯನಗರವು ಇಂತಹ ಕೂದಲನ್ನು ಬಿಡಿಸಿ, ತೊಳೆದು, ವಿಂಗಡಿಸುವ ಕಸುಬಿಗೆ ಹೆಸರಾಗಿದೆ. ಬುಡ ತುದಿ ಬೆರೆತ ಕೂದಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ, ಪರದೇಶದ ಕಾರ್ಖಾನೆಗಳಲ್ಲಿ ಅವನ್ನು ಆಮ್ಲದಲ್ಲಿ ಕರಗಿಸಿ, ಬಣ್ಣ ತೆಗೆದು, ಬೇರೆ ಬಣ್ಣ ಹಾಕಿ, ಕೊನೆಗೆ ಸಿಲಿಕೋನ್ ಲೇಪ ಕೊಡುತ್ತಾರೆ. ಅಂಗಡಿಯಲ್ಲಿ ಅದು ರೇಷ್ಮೆಯಂತೆ ಹೊಳೆಯುತ್ತದೆ. ಕೆಲವು ಸಲ ತೊಳೆದರೆ ಲೇಪ ಹೋಗಿ ನಾರಾಗುತ್ತದೆ. ಹೊಳಪು ಬೇರೆ, ಆರೋಗ್ಯ ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

‘ಸರಿಪಡಿಸುವಿಕೆ’ ಎಂಬ ಮಾತಿಗೆ 20ನೆಯ ಶತಮಾನದಿಂದೀಚೆಗೆ ಕ್ರಮವಾಗಿ ಮೂರು ಅರ್ಥಗಳು ಬಂದಿವೆ. ಮೊದಲನೆಯದು ಮುಚ್ಚುವುದು. ಬಣ್ಣ ತೆಗೆದ ಕೂದಲಿನ ಮೇಲ್ಮೈ ಋಣವಿದ್ಯುದಂಶವನ್ನು ಪಡೆಯುತ್ತದೆ. ಧನವಿದ್ಯುದಂಶವುಳ್ಳ ಸ್ನಿಗ್ಧದ್ರವ್ಯಗಳು ಅದಕ್ಕೆ ಅಂಟಿ ನುಣುಪನ್ನು ಕೊಡುತ್ತವೆ. ಇಂದಿನ ಕಂಡಿಷನರುಗಳ ತತ್ತ್ವ ಇದು. ಇದರಿಂದ ಬಾಚುವಾಗ ಮುರಿಯುವುದು ನಿಜವಾಗಿಯೂ ಕಡಿಮೆಯಾಗುತ್ತದೆ. ಆದರೆ ಪ್ರತಿ ಸ್ನಾನಕ್ಕೂ ಮತ್ತೆ ಹಚ್ಚಬೇಕು.

ಎರಡನೆಯದು ತಡೆಯುವುದು. 2003ರಲ್ಲಿ ಭಾರತದ ಇಬ್ಬರು ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳನ್ನು ಹೋಲಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ತೊಳೆಯುವ ಮೊದಲು ಹಚ್ಚಿದಾಗ, ಬಣ್ಣ ತೆಗೆದ ಕೂದಲಿನಲ್ಲಿಯೂ ಸಸಾರಜನಕದ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದುದು ಕೊಬ್ಬರಿ ಎಣ್ಣೆ ಮಾತ್ರ ಎಂದು ಅವರು ಕಂಡರು. ಅದರ ಲಾರಿಕ್ ಆಮ್ಲ ಕೂದಲಿನೊಳಗೆ ಇಳಿಯಬಲ್ಲದು. ಪ್ರಯೋಗ ನಡೆದುದು ಕೊಬ್ಬರಿ ಎಣ್ಣೆಯ ಉದ್ಯಮವೊಂದರ ಪ್ರಯೋಗಾಲಯದಲ್ಲಿ ಎಂಬುದನ್ನು ಸಂಶೋಧಕರು ಮರೆಯಬಾರದು. ಆದರೂ ಎಣ್ಣೆ ಮೊದಲು, ಸೀಗೆ ಅನಂತರ ಎಂಬ ಹಳೆಯ ಕ್ರಮಕ್ಕೆ ಇದರಿಂದ ಒಂದು ಕಾರಣ ದೊರೆತಂತಾಯಿತು. ಎಣ್ಣೆಯು ಕೆಟ್ಟುದನ್ನು ಕಟ್ಟುವುದಿಲ್ಲ, ಉಳಿದುದನ್ನು ಕಾಯುತ್ತದೆ.

ಮೂರನೆಯದು ಮರಳಿ ಬೆಸೆಯುವುದು. 2014ರಲ್ಲಿ ಅಮೆರಿಕದ ಪೇಟೆಗೆ ಬಂದ ಒಂದು ಬಗೆಯ ದ್ರವ್ಯವು ಮುರಿದ ಗಂಧಕದ ತುದಿಗಳನ್ನು ಮತ್ತೆ ಜೋಡಿಸುವುದೆಂದು ಅದರ ತಯಾರಕರು ಸಾರಿದರು; ಆ ಮೇಲೆ ಅಂತಹವು ಹಲವು ಬಂದಿವೆ. ಬಣ್ಣ ತೆಗೆಯುವಾಗಲೇ ಬೆರೆಸಿ ಬಳಸುವ ಪದ್ಧತಿಯೂ ಇದೆ. ಆದರೆ ಆಮ್ಲರೂಪಕ್ಕೆ ತಿರುಗಿಹೋದ ಬಂಧ ಮರಳಿ ಕೂಡುವುದಿಲ್ಲ. ಕಳಚಿದ ಹುರುಪೆ ಮತ್ತೆ ಬೆಳೆಯುವುದಿಲ್ಲ. ನಿರ್ಜೀವ ವಸ್ತುವಿಗೆ ಗಾಯ ಮಾಯುವ ಶಕ್ತಿ ಎಲ್ಲಿಂದ ಬರಬೇಕು?

ಈ ಸಾಮಾನ್ಯ ತತ್ತ್ವಗಳೊಡನೆ ಕೋಲಾರದ ಸೀಮೆಗೆ ವಿಶೇಷವಾದ ಎರಡು ಸಂಗತಿಗಳನ್ನು ಸೇರಿಸಬೇಕು. ತುಂಬಿ ಹರಿಯುವ ಹೊಳೆಯಿಲ್ಲದ ಈ ಜಿಲ್ಲೆ ಬಹುಕಾಲ ಆಳವಾದ ಕೊಳವೆಬಾವಿಗಳನ್ನು ನಂಬಿ ಬಾಳಿದೆ. ಆ ನೀರು ಅನೇಕ ಕಡೆ ಗಡುಸು. ಬಣ್ಣ ತೆಗೆದ ಕೂದಲು ಗಡುಸುನೀರಿನ ಸುಣ್ಣದಂಶವನ್ನು ಸಹಜ ಕೂದಲಿಗಿಂತ ಹೆಚ್ಚಾಗಿ ಹೀರಿಕೊಂಡು ಒರಟಾಗುತ್ತದೆ. ಕೊನೆಯ ತೊಳೆತಕ್ಕೆ ಹಿಡಿದಿಟ್ಟ ಮಳೆನೀರನ್ನು ಬಳಸಿದರೆ ಈ ಕಷ್ಟ ತಗ್ಗುತ್ತದೆ. ಎರಡನೆಯದು, ಗೋರಂಟಿಯನ್ನು ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯೆಲ್ಲ ನೆನೆಸಿ ಹಚ್ಚುವ ವಾಡಿಕೆ. ವರಾಹಮಿಹಿರನ ಕಬ್ಬಿಣದ ಪಾತ್ರೆಯೇ ಇಲ್ಲಿ ಉಳಿದು ಬಂದಂತೆ ತೋರುತ್ತದೆ. ತನ್ನಷ್ಟಕ್ಕೆ ಅದು ನಿರಪಾಯಕರ. ಆದರೆ ಲೋಹದಂಶ ಹಿಡಿದ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಅದು ಅತಿ ವೇಗವಾಗಿ ಒಡೆಯುತ್ತದೆ. ಲೋಹಲವಣಗಳನ್ನು ಬೆರೆಸಿದ ಪೇಟೆಯ ಗೋರಂಟಿಪುಡಿಯ ಮೇಲಂತೂ ಕೂದಲು ಕಾದು ಸುಟ್ಟಂತಾಗುವುದುಂಟು. ಅಜ್ಜಿಯ ವಿಧಾನವೂ ಮೊಮ್ಮಗಳ ವಿಧಾನವೂ ಬೇರೆ ಬೇರೆಯಾಗಿ ನಡೆದಾವು. ವಿವೇಚನೆಯಿಲ್ಲದೆ ಒಂದರ ಮೇಲೊಂದು ಬಂದರೆ ಕೇಡು ತಪ್ಪದು. ಕೇಶಾಲಂಕಾರಕರು ಬಣ್ಣ ತೆಗೆಯುವ ಮುನ್ನ ಹಿಂದೆ ಏನು ಹಚ್ಚಿದ್ದಿರಿ ಎಂದು ಕೇಳಿ, ಒಂದು ಸಣ್ಣ ಎಳೆಯ ಮೇಲೆ ಪರೀಕ್ಷಿಸಬೇಕಾದುದು ಇದಕ್ಕಾಗಿಯೇ. ಕೃತಕ ವರ್ಣಗಳು ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ, ಊತಗಳನ್ನು ತರುವುದರಿಂದ ಎರಡು ದಿನ ಮೊದಲೇ ಚರ್ಮದ ಮೇಲೂ ಪರೀಕ್ಷಿಸಬೇಕು.

ಒಟ್ಟಿನಲ್ಲಿ ಚರಿತ್ರೆಯಿಂದ ತಿಳಿಯುವುದು ಇಷ್ಟು. ಬಣ್ಣ ತೆಗೆದು ಕೆಟ್ಟ ಕೂದಲನ್ನು ಮುಚ್ಚಬಹುದು, ಮತ್ತಷ್ಟು ಕೆಡದಂತೆ ತಡೆಯಬಹುದು, ಅಲ್ಪಸ್ವಲ್ಪ ಬೆಸೆಯಬಹುದು, ಮೊದಲಿನಂತೆ ಮಾಡಲಾಗದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 30 ಸೆಂಟಿಮೀಟರ್ ಕೆಟ್ಟ ಕೂದಲಿನ ಸ್ಥಾನದಲ್ಲಿ ಹೊಸದು ಬರಲು ಎರಡೂವರೆ ವರ್ಷ ಬೇಕು. ತುದಿಯನ್ನು ಆಗಾಗ ಕತ್ತರಿಸುತ್ತ, ಬುಡದಿಂದ ಬರುವುದನ್ನು ಕಾಯುತ್ತ ಇರುವುದೇ ಪೂರ್ಣವಾದ ಪರಿಹಾರ. ಮುಡಿ ಕೊಟ್ಟ ಯಾತ್ರಿಕನ ತಲೆಯಲ್ಲಿ ನಡೆಯುವುದೂ ಇದೇ ಕ್ರಿಯೆ. ಅವನು ಲೇಪವನ್ನು ಅರಸುವುದಿಲ್ಲ, ಕಾಯುತ್ತಾನೆ. ಬಣ್ಣ ಹಾಕಬೇಕೆ ಬೇಡವೆ ಎಂಬುದು ಅವರವರ ಇಷ್ಟಕ್ಕೆ ಬಿಟ್ಟುದು. ಹಾಕುವವರು ರಂಜನದೊಡನೆ ರಕ್ಷಣೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬ ಹಳೆಯ ವಿಧಿ ಮಾತ್ರ ಇಂದಿಗೂ ಬಲವಾದುದು.