ಗುಜರಿ ಕಂಪ್ಯೂಟರುಗಳು ಸೂಪರ್‌ಕಂಪ್ಯೂಟರ್ ಆದ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ನಿಮ್ಮ ಕೆಲಸದ ಬಗ್ಗೆಯೇ ಬರೆಯಿರಿ ಎಂದು ಸಮಿತಿಯವರು ಕೇಳಿದರು. ನೂರಾರು ಕಂಪ್ಯೂಟರುಗಳನ್ನು ಜೋಡಿಸಿ, ಎಲ್ಲವೂ ಸೇರಿ ಒಂದೇ ಲೆಕ್ಕ ಮಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇಂಥ ಜೋಡಣೆಗೆ ಕ್ಲಸ್ಟರ್ ಎನ್ನುತ್ತಾರೆ. ಇಂದಿನ ಸೂಪರ್‌ಕಂಪ್ಯೂಟರುಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಇದೆಲ್ಲ ದೊಡ್ಡ ಕಂಪನಿಗಳ ಸಾಹಸವೆಂದು ಅನೇಕರು ತಿಳಿದಿದ್ದಾರೆ. ಆದರೆ ಇದರ ಇತಿಹಾಸದಲ್ಲಿ ಸರ್ಕಾರಿ ಪ್ರಯೋಗಾಲಯಗಳ ಪಾಲು ಬಹಳ ದೊಡ್ಡದು. ಸರ್ಕಾರಿ ಶಾಲೆಯಲ್ಲಿ ಓದಿದ ನನಗೆ ಆ ಭಾಗವೇ ಹೆಚ್ಚು ಪ್ರಿಯ.

1990ರ ದಶಕದ ಆರಂಭದಲ್ಲಿ ಸೂಪರ್‌ಕಂಪ್ಯೂಟರ್ ಎಂದರೆ ಕೋಟಿಗಟ್ಟಲೆ ಬೆಲೆಯ ಯಂತ್ರ. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ ಸಾಧಾರಣ ಬಿಡಿಭಾಗಗಳಿಂದಲೇ 16 ಪ್ರೊಸೆಸರುಗಳ ಕ್ಲಸ್ಟರ್ ಕಟ್ಟಿದರು. ಅದಕ್ಕೆ ಬೇಯೋವುಲ್ಫ್ ಎಂದು ಹೆಸರಿಟ್ಟರು. ಆತ ಹಳೆಯ ಇಂಗ್ಲಿಷ್ ಕಾವ್ಯವೊಂದರ ನಾಯಕ. ಮೂವತ್ತು ಜನರ ಬಲ ಅವನ ಮುಷ್ಟಿಯಲ್ಲಿತ್ತಂತೆ. ನಮ್ಮವರಾಗಿದ್ದರೆ ಭೀಮ ಎಂದಿಡುತ್ತಿದ್ದರೇನೋ! ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ಆರಂಭಿಸಿದ್ದ ಲಿನಕ್ಸ್ ತಂತ್ರಾಂಶವನ್ನು ಅವರು ಬಳಸಿದರು. ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿತ್ತು. ಯಂತ್ರಗಳ ನಡುವಿನ ಒಂದು ತಂತಿಯ ವೇಗ ಸಾಲದೆ ಬಂದಾಗ, ಎರಡು ತಂತಿಗಳು ಹೊರೆ ಹಂಚಿಕೊಳ್ಳುವಂತೆ ಲಿನಕ್ಸನ್ನೇ ತಿದ್ದಲು ಸಾಧ್ಯವಾದದ್ದು ಅದರಿಂದಲೇ. ಬೆಕರ್ ಬರೆದ ನೆಟ್‌ವರ್ಕ್ ಡ್ರೈವರುಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾಗಿತ್ತು.

ನನಗೆ ಇದಕ್ಕಿಂತ ಇಷ್ಟವಾದದ್ದು ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಕಥೆ. ಇದು ಟೆನೆಸಿ ರಾಜ್ಯದಲ್ಲಿದೆ. ಅಮೆರಿಕದ ಭೂಪ್ರದೇಶವನ್ನು ಮಣ್ಣು, ಮಳೆ, ತಾಪಮಾನ ಮೊದಲಾದ 25 ಗುಣಗಳ ಆಧಾರದ ಮೇಲೆ ವಿಂಗಡಿಸಿ ನಕ್ಷೆ ಮಾಡಬೇಕಿತ್ತು. ಒಂದೊಂದು ಚದರ ಕಿಲೋಮೀಟರಿನ ಸುಮಾರು 78 ಲಕ್ಷ ಚೌಕಗಳ ಲೆಕ್ಕವದು. ವಿಲಿಯಂ ಹಾರ್ಗ್ರೋವ್ ಮತ್ತು ಫಾರೆಸ್ಟ್ ಹಾಫ್‌ಮನ್ 1996ರಲ್ಲಿ ಕ್ಲಸ್ಟರ್ ಕಟ್ಟಲು ಹಣ ಕೇಳಿದರು, ಸಿಗಲಿಲ್ಲ. ಆಗ ಅವರು ಪ್ರಯೋಗಾಲಯದಲ್ಲಿ ಬೇಡವೆಂದು ಪಕ್ಕಕ್ಕಿಟ್ಟ ಹಳೆಯ ಕಂಪ್ಯೂಟರುಗಳನ್ನು ಒಟ್ಟುಮಾಡತೊಡಗಿದರು. ಬರೀ ಕಲ್ಲು ಹಾಕಿ ನೀರು ಕುದಿಸುತ್ತ ಕುಳಿತವನ ಪಾತ್ರೆಗೆ ಊರವರೆಲ್ಲ ಒಂದೊಂದು ತರಕಾರಿ ಹಾಕಿ ಸಾರು ಮಾಡಿದ ಜನಪದ ಕಥೆಯೊಂದು ಅವರಲ್ಲಿದೆ. ಈ ಯಂತ್ರಕ್ಕೂ ಆ ಕಲ್ಲಿನ ಸಾರಿನದೇ ಹೆಸರು ಬಂತು.

ಯಂತ್ರಗಳಲ್ಲಿ ಕೆಲವು ಚುರುಕು, ಕೆಲವು ಮಂದ. ಸಮನಾಗಿ ಕೆಲಸ ಹಂಚಿದರೆ ಮಂದವಾದದ್ದು ಮುಗಿಸುವವರೆಗೆ ಉಳಿದವು ಸುಮ್ಮನೆ ಕಾಯಬೇಕು. ಆದ್ದರಿಂದ ಸಣ್ಣ ಸಣ್ಣ ಪಾಲು ಮಾಡಿ, ಮುಗಿಸಿದವರಿಗೆ ಮುಂದಿನದನ್ನು ಕೊಡುವ ವ್ಯವಸ್ಥೆ ಮಾಡಿದರು. ನಾಟಿಗೆ ಆಳು ಹಚ್ಚಿದವರಿಗೆ ಈ ಜಾಣ್ಮೆ ಹೊಸದಲ್ಲ. ಯಂತ್ರಗಳು ಪರಸ್ಪರ ಮಾತಾಡಲು ಬೇಕಾದ ಪಿವಿಎಂ ಎಂಬ ತಂತ್ರಾಂಶ 1989ರಲ್ಲಿ ಅದೇ ಪ್ರಯೋಗಾಲಯದಲ್ಲಿ ಹುಟ್ಟಿತ್ತು, ಅದೂ ಉಚಿತ. ನಕ್ಷೆ ಸಿದ್ಧವಾಯಿತು. 2001ರ ಹೊತ್ತಿಗೆ ಸುಮಾರು 130 ಯಂತ್ರಗಳು ಅಲ್ಲಿ ಸೇರಿದ್ದವು.

ಹೀಗೆಯೇ ಆರ್ಗಾನ್ ಪ್ರಯೋಗಾಲಯದ ಎಂಪಿಐಸಿಎಚ್, ಲಿವರ್‌ಮೋರಿನ ಸ್ಲರ್ಮ್ ಬಂದವು. ಸ್ಲರ್ಮ್‌ನ ಕೆಲಸ ನ್ಯಾಯಬೆಲೆ ಅಂಗಡಿಯ ಟೋಕನ್ ಇದ್ದಂತೆ: ಯಾರ ಲೆಕ್ಕ ಯಾವಾಗ, ಯಾವ ಯಂತ್ರಗಳ ಮೇಲೆ ಎಂದು ಸರದಿ ನೋಡುವುದು. ಲಿವರ್‌ಮೋರ್ ಅಣ್ವಸ್ತ್ರಗಳ ಪ್ರಯೋಗಾಲಯ ಎಂಬುದನ್ನು ಮುಚ್ಚಿಡಬೇಕಿಲ್ಲ. ಅಂಥ ಕಡೆ ಹುಟ್ಟಿದ್ದೂ ಇಂದು ಹವಾಮಾನದ, ಔಷಧದ ಸಂಶೋಧನೆಗೆ ದುಡಿಯುತ್ತಿದೆ. 2017ರ ನವೆಂಬರಿನ ಪಟ್ಟಿಯಲ್ಲಿ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳೂ ಲಿನಕ್ಸ್ ಮೇಲೆಯೇ ನಡೆಯುತ್ತಿದ್ದವು.

ನಮ್ಮಲ್ಲೂ ಇಂಥ ಪ್ರಯತ್ನ ನಡೆದಿತ್ತು. 1986ರಲ್ಲೇ ಬೆಂಗಳೂರಿನ ಸರ್ಕಾರಿ ಪ್ರಯೋಗಾಲಯ ಎನ್‌ಎಎಲ್, ನಾಲ್ಕು ಪ್ರೊಸೆಸರುಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾನಾಂತರ ಕಂಪ್ಯೂಟರ್ ಕಟ್ಟಿತ್ತು. ಅದರ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ ಇರಬೇಕಿತ್ತು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಬಂದಿದೆ.

ನಮ್ಮ ಶಾಲೆಯ ಕೊಠಡಿಯಲ್ಲಿ ಬಳಕೆಯಲ್ಲಿಲ್ಲದ ಒಂಬತ್ತು ಕಂಪ್ಯೂಟರುಗಳಿವೆ, ಅವನ್ನು ಗುಜರಿಗೆ ಹಾಕುವ ಮಾತಿದೆ ಎಂದು ಕೇಳಿದೆ. ಎಸ್‌ಡಿಎಂಸಿಯವರು ದಸರಾ ರಜೆಯವರೆಗೆ ಅವನ್ನು ಉಳಿಸಿಕೊಳ್ಳಬೇಕೆಂದು ನನ್ನ ಅರಿಕೆ. ಮೇಲೆ ಹೇಳಿದ ತಂತ್ರಾಂಶಕ್ಕೆ ಒಂದು ರೂಪಾಯಿಯೂ ಬೇಡ; ಕೇಬಲ್, ಸ್ವಿಚ್ ನಾನೇ ತರುತ್ತೇನೆ. ಒಂಬತ್ತನೇ ತರಗತಿಯ ನಾಲ್ಕೈದು ಮಕ್ಕಳನ್ನೂ ಕೊಠಡಿಯ ಬೀಗದ ಕೈಯನ್ನೂ ಒಂದು ವಾರ ನನಗೆ ಒಪ್ಪಿಸಿದರೆ ಸಾಕು.