ಕೋಲಾರ ಸೀಮೆಯ ಜನಪದ ಸಂಗೀತ: ಶ್ರುತಿ, ಲಯ ಮತ್ತು ತಮಟೆ

ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ವಾದ್ಯಗಳಿಗೂ ಈ ವಿಂಗಡಣೆ ಹೊಂದುತ್ತದೆ: ತಂತಿಯ ಏಕತಾರಿ ತತ, ಊದುವ ಓಲಗ ಸುಷಿರ, ಚರ್ಮದ ತಮಟೆ ಅವನದ್ಧ, ಲೋಹದ ತಾಳ ಘನ. ಆದರೆ ನುಡಿಸುವವರ ಅರಿವಾಗಲಿ, ಅವರ ಸಾಮಾಜಿಕ ಸ್ಥಾನವಾಗಲಿ ಇದರಲ್ಲಿ ಕಾಣುವುದಿಲ್ಲ. ತಮಟೆಯ ವಿಷಯದಲ್ಲಿ ಈ ಕೊರತೆ ಎದ್ದು ತೋರುತ್ತದೆ.

ಶ್ರುತಿಯೆಂದರೆ ಗಾಯನಕ್ಕೆ ಆಧಾರವಾದ ಸ್ಥಿರನಾದ. ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನ ಶ್ರೀಪಾದರಾಜರು 'ರಂಗವಿಠಲ' ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ರಚಿಸಿದರು. ಹಳೆಯ ಕೋಲಾರ ಜಿಲ್ಲೆಗೆ ಸೇರಿದ್ದು, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಕೈವಾರದ ನಾರೇಯಣ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಪದಗಳನ್ನು ಹಾಡಿದರು. ಹರಿದಾಸರ ತಂಬೂರಿ, ತತ್ವಪದಕಾರರ ಏಕತಾರಿ ಎರಡೂ ಈ ಆಧಾರನಾದವನ್ನೇ ಒದಗಿಸುತ್ತವೆ.

ಪಾಶ್ಚಾತ್ಯರ ಹಾರ್ಮನಿಯಲ್ಲಿ ಭಿನ್ನ ಸ್ವರಗಳು ಏಕಕಾಲದಲ್ಲಿ ಕೂಡಿ ಮೊಳಗುತ್ತವೆ. ನಮ್ಮ ಜನಪದ ಮೇಳಗಳಲ್ಲಿ ಮುಂದಾಳು ಹೇಳಿದ ಸೊಲ್ಲನ್ನು ಹಿಮ್ಮೇಳದವರು ಅದೇ ಧಾಟಿಯಲ್ಲಿ ಮರಳಿ ಹಾಡುತ್ತಾರೆ. ಆದ್ದರಿಂದ ಇಲ್ಲಿನ ವೈವಿಧ್ಯವನ್ನು ಸ್ವರಗಳ ಕೂಟದಲ್ಲಲ್ಲ, ಲಯದಲ್ಲಿ ಹುಡುಕಬೇಕು.

ಆ ಲಯದ ಮುಖ್ಯ ವಾದ್ಯ ತಮಟೆ. ವೃತ್ತಾಕಾರದ ಚೌಕಟ್ಟಿಗೆ ಚರ್ಮ ಬಿಗಿದು, ಒಂದು ದಪ್ಪ ಕೋಲು ಹಾಗೂ ಒಂದು ತೆಳುವಾದ ಕಡ್ಡಿಯಿಂದ ಇದನ್ನು ಬಾರಿಸುತ್ತಾರೆ. ನುಡಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ತೇವದಿಂದ ಸಡಿಲಗೊಂಡ ಚರ್ಮ ಶಾಖಕ್ಕೆ ಬಿಗಿದು ನಾದ ಏರುತ್ತದೆ. ಎಷ್ಟು ಕಾಯಿಸಬೇಕೆಂಬುದನ್ನು ಕಲಾವಿದನ ಕಿವಿ ನಿರ್ಧರಿಸುತ್ತದೆ. ಇದು ಶ್ರುತಿಗೊಳಿಸುವ ಕ್ರಿಯೆಯೇ. ಹೀಗಿದ್ದೂ ತಮಟೆಯನ್ನು ಕೇವಲ ಸದ್ದಿನ ವಾದ್ಯವೆಂದು ಕಡೆಗಣಿಸಿದ್ದಕ್ಕೆ ಕಾರಣ ಸಂಗೀತದಲ್ಲಿಲ್ಲ, ಜಾತಿಯಲ್ಲಿದೆ. ಡಂಗುರ, ಜಾತ್ರೆ, ಸಾವಿನ ಮೆರವಣಿಗೆಗಳಲ್ಲಿ ತಮಟೆ ಬಡಿಯುವುದು ಅಸ್ಪೃಶ್ಯರೆನಿಸಿದ ಸಮುದಾಯಗಳ ಮೇಲೆ ಹೇರಿದ ಚಾಕರಿಯಾಗಿತ್ತು. 1970ರ ದಶಕದಿಂದ ದಲಿತ ಚಳವಳಿ ಈ ಚಾಕರಿಯನ್ನು ಪ್ರಶ್ನಿಸಿತು. ಜೊತೆಗೆ ತಮಟೆಯನ್ನು ಹೋರಾಟದ ಹಾಡಿನ ದನಿಯನ್ನಾಗಿಸಿತು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಘೋಷಣೆಯಾಯಿತು.

ಇಂದು ಚರ್ಮದ ಬದಲು ಫೈಬರ್ ಹಾಳೆಯ ತಮಟೆಗಳು ಬಳಕೆಗೆ ಬಂದಿವೆ. ಅವು ಹಗುರ, ಮಳೆಗೂ ಜಗ್ಗವು, ಕಾಯಿಸಬೇಕಾಗಿಲ್ಲ. ಹೊರುವವನ ಭಾರ ಕಡಿಮೆಯಾಗುವುದು ಸ್ವಾಗತಾರ್ಹವೇ. ಆದರೆ ಬೆಂಕಿಯ ಮುಂದೆ ಕಿವಿಯಿಂದ ಕಲಿತ ನಾದಜ್ಞಾನವನ್ನು ಹಿರಿಯ ಕಲಾವಿದರಿಂದ ದಾಖಲಿಸಿಕೊಳ್ಳದಿದ್ದರೆ, ಈ ಸೀಮೆಯ ಸಂಗೀತ ಚರಿತ್ರೆ ಮಠ ಮಂದಿರಗಳ ಚರಿತ್ರೆಯಾಗಿಯೇ ಉಳಿಯುತ್ತದೆ.